ಸೋಮವಾರದ ಜಮೆ

ಅರಸೀಕೆರೆಯ ರೈಲ್ವೆ ಸ್ಟೇಷನ್ ಕಡೆಯಿಂದ ಬಸ್‌ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ವಿಶಾಲಮ್ಮನ ತೆಂಗಿನಕಾಯಿ ಅಂಗಡಿ. ಚೌಕಾಸಿಗೆ ಕೂತರೆ ಯಮನಿಗೂ ಎಂಟಾಣೆ ಬಿಡದ ಹೆಂಗಸು. ಆದರೆ ಅಂಗಡಿ ಮುಂದಿನ ಕಲ್ಲುಚಪ್ಪಡಿಯ ಮೇಲೆ ಒಂದು ಮಣ್ಣಿನ ಹರವಿ, ಅದರ ಮುಚ್ಚಳದ ಮೇಲೆ ಬೋರಲು ಹಾಕಿದ ಲೋಟ. ದಾರಿಹೋಕರಿಗೆಂದು ಅವಳ ಅತ್ತೆ ಇಟ್ಟ ಅರವಟ್ಟಿಗೆ ಅದು. "ಏನ್ ಬೇಕಾದ್ರೂ ಮಾರು, ನೀರು ಮಾತ್ರ ಮಾರ್ಬೇಡ" ಎಂದು ಸಾಯುವ ಮುಂಚೆ ಅತ್ತೆ ಮಾತು ತೆಗೆದುಕೊಂಡಿದ್ದರು. ವಿಶಾಲಮ್ಮ ಅಂಗಡಿಯಲ್ಲಿ ಬಾಟಲಿ ನೀರನ್ನೂ ಇಟ್ಟವಳಲ್ಲ. ಸೋಮವಾರ ಬಾಗಿಲು ಹಾಕಿ ಮಠಕ್ಕೆ ಹೋಗುವಾಗಲೂ ಹರವಿ ತುಂಬಿಸಿಯೇ ಹೋಗುತ್ತಿದ್ದಳು.

ಕೊಬ್ಬರಿ ದುಡ್ಡು ಜಮೆಯಾಯಿತೋ ಇಲ್ಲವೋ ಎಂದು ನೋಡಲು ಒಮ್ಮೆ ಬ್ಯಾಂಕಿನಿಂದ ಸ್ಟೇಟ್‌ಮೆಂಟ್ ತಂದಳು. ಕೊಬ್ಬರಿ ದುಡ್ಡೇನೋ ಬಂದಿತ್ತು. ಅದರ ಅಕ್ಕಪಕ್ಕದಲ್ಲಿ ಎರಡು ರೂಪಾಯಿ, ಐದು ರೂಪಾಯಿ, ಒಂದು ಕಡೆ ಹತ್ತು. ಕಳಿಸಿದವರಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲ. ಎರಡು ರೂಪಾಯಿಗೆ ಅವಳ ಅಂಗಡಿಯಲ್ಲಿ ಕಾಯಿ ನಾರೂ ಸಿಗುವುದಿಲ್ಲ!

"ಬಂದ್ರೆ ಬರ್ಲಿ ಬಿಡೇ, ಹೋಗಿಲ್ವಲ್ಲ" ಎಂದ ಗಂಡ ಬಸವಕುಮಾರ್.

"ಯಾರ್ ದುಡ್ಡೋ ಏನೋ. ಯಾಕ್ ಬಂತು ಅಂತ ಗೊತ್ತಾಗ್ದೆ ನಂಗೆ ಊಟ ಸೇರಲ್ಲ ಕಣ್ರೀ" ಎಂದವಳೇ ಮತ್ತೆ ಬ್ಯಾಂಕಿಗೆ ಹೊರಟಳು.

ಕೌಂಟರಿನಲ್ಲಿದ್ದ ನಂದಿತಾ ತಾಳ್ಮೆಯ ಹುಡುಗಿ. "ಅಮ್ಮ, ಈ ಕಾಲಮ್ಮಲ್ಲಿರೋದು ನಿಮಗೆ ಬಂದಿದ್ದು. ಯುಪಿಐ ಅಂದ್ರೆ ಫೋನಿಂದ ಕಳಿಸಿದ್ದು. ಉದ್ದದ ನಂಬರು ಆ ವ್ಯವಹಾರದ ಗುರುತು, ಪಕ್ಕದ್ದು ಕಳಿಸಿದವರ ಹೆಸರು. ಯಾಕೆ ಕಳಿಸಿದ್ರು ಅಂತ ಮಾತ್ರ ಇದರಲ್ಲಿ ಇಲ್ಲ."

"ಬೇಕಾಗಿರೋದೊಂದು ಬಿಟ್ಟು ಮಿಕ್ಕಿದ್ದೆಲ್ಲ ಐತೆ ಅನ್ನು" ಎಂದು ವಿಶಾಲಮ್ಮ ಎದ್ದಳು.

ಮನೆಗೆ ಬಂದು ಆ ಎರಡು, ಐದು ರೂಪಾಯಿ ಬಂದ ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿಗೆ ಹಿಡಿದು ನೋಡಿದಳು. ಎಲ್ಲವೂ ಸೋಮವಾರ! ಬಾಗಿಲು ಹಾಕಿದ ಅಂಗಡಿಯಲ್ಲಿ ಯಾವ ಪುಣ್ಯಾತ್ಮ ಏನು ಕೊಂಡ? ಅವಳಿಗೆ ತಲೆಯಲ್ಲಿ ಹುಳ ಬಿಟ್ಟಂತಾಯಿತು.

ಮುಂದಿನ ಸೋಮವಾರ ಮಠ ತಪ್ಪಿಸಿ, ಎದುರಿಗೆ ಬಟ್ಟೆ ಹೊಲಿಯುವ ರಮಾಳ ಅಂಗಡಿಯಲ್ಲಿ ಕೂತಳು. ಬೆನ್ನಿಗೆ ಬ್ಯಾಗು ಹಾಕಿದ ಹುಡುಗನೊಬ್ಬ ಬಂದ. ಲೋಟ ಎತ್ತಿಕೊಂಡ, ತಲೆ ಎತ್ತಿ ಷಟರ್ ನೋಡಿದ, ಫೋನು ತೆಗೆದು ಅದಕ್ಕೆ ಹಿಡಿದ, ಆಮೇಲೆ ನೀರು ಕುಡಿದು ಹೋದ.

ಆಗ ವಿಶಾಲಮ್ಮನಿಗೆ ಹೊಳೆಯಿತು. ಫೋನಿನಿಂದ ದುಡ್ಡು ಹಾಕುವ ಸ್ಟಿಕ್ಕರ್ ಕೊಡಲು ಬಂದಿದ್ದವನು ಒಂದನ್ನು ತಕ್ಕಡಿ ಪಕ್ಕ ಅಂಟಿಸಿ, ಇನ್ನೊಂದನ್ನು ಷಟರ್ ಮೇಲೂ ಅಂಟಿಸಿದ್ದ. ಬೇರೆ ದಿನ ಷಟರ್ ಜೊತೆ ಅದೂ ಸುತ್ತಿಕೊಂಡು ಮೇಲೆ ಹೋಗುತ್ತಿತ್ತು. ಷಟರ್ ಇಳಿದೇ ಇರುವ ಸೋಮವಾರ ಅದು ಸರಿಯಾಗಿ ಹರವಿಯ ನೆತ್ತಿಯ ಮೇಲೆ ಬರುತ್ತಿತ್ತು.

"ಅಯ್ಯೋ ಶಿವನೇ, ನಾನು ನೀರು ಮಾರ್ತಾ ಇದೀನಲ್ಲೇ ರಮಾ!" ಎಂದು ಹಣೆ ಚಚ್ಚಿಕೊಂಡಳು. ರಮಾ ಬಿದ್ದು ಬಿದ್ದು ನಕ್ಕಳು. ವಿಶಾಲಮ್ಮನಿಗೂ ನಗು ಬಂತು.

ಅಷ್ಟರಲ್ಲಿ ಮುದುಕನೊಬ್ಬ ಚೀಲ ಹೊತ್ತು ಬಂದ. ಲೋಟಕ್ಕೆ ಕೈ ಹಾಕಿದವನು ಸ್ಟಿಕ್ಕರ್ ನೋಡಿದ. ಲೋಟವನ್ನು ಮತ್ತೆ ಬೋರಲು ಹಾಕಿ ಬಸ್‌ಸ್ಟ್ಯಾಂಡ್ ಕಡೆ ನಡೆದ.

ವಿಶಾಲಮ್ಮ ಓಡಿದಳು. "ತಾತ, ಯಾಕೆ ನೀರು ಕುಡೀದೇ ಹೊಂಟ್ರಿ?"

"ನನ್ ತಾವ ಆ ಫೋನ್ ಇಲ್ಲ ಕಣವ್ವ. ಬಾಣಾವರದಿಂದ ಸೋಮ್ವಾರ ಸೋಮ್ವಾರ ಬತ್ತೀನಿ. ಮುಂಚೆ ಇಲ್ಲೊಬ್ಬಜ್ಜಿ ಕರ್ದು ಕರ್ದು ನೀರು ಕೊಡೋದು. ಈಗ ಇಲ್ಲೂ ದುಡ್ಡು ಮಾಡವ್ರೆ."

ಅವಳಿಗೆ ನಾಚಿಕೆಯೂ ಆಯಿತು, ಅಳುವೂ ಬಂತು. ದುಡ್ಡು ಹಾಕಿದವರ ಹೆಸರನ್ನೆಲ್ಲ ಬ್ಯಾಂಕಿನವರು ಅಚ್ಚು ಹಾಕಿ ಕೊಟ್ಟಿದ್ದರು. ಬಾಯಾರಿಕೊಂಡೇ ಹೋದವರು ಯಾರು ಯಾರೋ, ಅದನ್ನು ಯಾವ ಕೌಂಟರಿನಲ್ಲಿ ಕೇಳುವುದು?

ಮುದುಕನ ಚೀಲವನ್ನು ತಾನೇ ಇಸಿದುಕೊಂಡು ಅವನನ್ನು ವಾಪಸು ಕರೆತಂದಳು. ಉಗುರಿನಿಂದ ಕೆರೆದು ಕೆರೆದು ಸ್ಟಿಕ್ಕರ್ ಕಿತ್ತಳು. ಆಮೇಲೆ ಲೋಟ ತುಂಬಿ ಎರಡೂ ಕೈಯಲ್ಲಿ ಹಿಡಿದಳು.

"ಆ ಅಜ್ಜಿ ನಮ್ಮತ್ತೆ, ತಾತ. ಕುಡೀರಿ."

ಮುದುಕ ಗಟಗಟನೆ ಕುಡಿದು, ಇನ್ನೊಂದು ಲೋಟಕ್ಕೆ ಕೈ ಚಾಚಿದ.