ಬ್ಯಾಡಗಿ ಮೈದಾನದಲ್ಲಿ ಉಳಿದ ಚಪ್ಪಲಿ

ಆಗಷ್ಟೇ ನಮ್ಮೆಲ್ಲರ ಕೈಗೂ ಮೊಬೈಲು ಬಂದಿತ್ತು. ರಾಣೆಬೆನ್ನೂರಿನ ನಮ್ಮ ಟೆನಿಸ್ ಬಾಲ್ ತಂಡದಲ್ಲಿ ಬೌಲರ್‌ಗಳಿದ್ದರು, ಗಟ್ಟಿ ಭುಜಗಳಿರಲಿಲ್ಲ. ಬ್ಯಾಡಗಿಯ ಟೂರ್ನಮೆಂಟಿಗೆ ಕ್ಯಾಪ್ಟನ್ ಗುತ್ತಲದವನೊಬ್ಬನನ್ನು ಫೋನ್ ಮಾಡಿ ಕರೆಸಿದ.

ಒಂದು ಕಾಲಕ್ಕೆ ಅವನ ಎಸೆತಕ್ಕೆ ಹಾವೇರಿಯವರೂ ಹಿಂದೆ ಸರಿಯುತ್ತಿದ್ದರು. ಆಮೇಲೆ ಗಟ್ಟಿ ಕಾರ್ಕ್ ಬಾಲಿನಲ್ಲಿ ಆಡುವಾಗ ಅವನದೇ ಎಸೆತ ಬಡಿದು, ವಿಕೆಟ್ಟಿಗೆ ಹತ್ತಿರ ನಿಂತು ಕೀಪಿಂಗ್ ಮಾಡುತ್ತಿದ್ದ ಅವನ ತಮ್ಮನ ಒಂದು ಕಣ್ಣು ಹೋಯಿತು. ಅಂದಿನಿಂದ ಅವನು ಬೌಲಿಂಗ್ ಬಿಟ್ಟಿದ್ದ.

“ಅಂಥವನ್ನ ಯಾಕ ಕರಸೀದಿ?” ಎಂದು ಕ್ಯಾಪ್ಟನ್‌ನನ್ನು ಕೇಳಿದೆ.

“ಇರ್ತಾನ ಬಿಡಲೇ. ನಮ್ಮವರ ಭುಜ ಕೈ ಕೊಟ್ರ ಒಬ್ಬ ಬೇಕಲ್ಲ. ಒಂದ್ ಪ್ಲೇಟ್ ಮಿರ್ಚಿ ಮಂಡಕ್ಕಿ ತಿಂತಾನ, ಅದಕ್ಕಿಂತ ಲುಕ್ಸಾನ ಏನೈತಿ?”

ಹನ್ನೊಂದರಲ್ಲಿ ಅವನೂ ಇದ್ದ, ಆದರೆ ಬೌಂಡರಿ ಕಾಯುವುದಷ್ಟೇ ಕೆಲಸ. ನಮ್ಮ ಕಡೆ ಬೌಲರ್ ಓಟ ಶುರು ಮಾಡುವ ಜಾಗಕ್ಕೆ ಗುರುತಾಗಿ ಒಂದು ಚಪ್ಪಲಿ ಇಡುತ್ತಾನೆ. ಇವನಿಗೆ ಯಾರೂ ಚೆಂಡು ಕೊಡದಿದ್ದರೂ ಪ್ರತಿ ಮ್ಯಾಚಿಗೂ ಮುಂಚೆ ಹೆಜ್ಜೆ ಅಳೆದು ಚಪ್ಪಲಿ ಇಡುತ್ತಿದ್ದ. ಇನ್ನೊಂದನ್ನು ಬೇವಿನ ಗಿಡದ ಕೆಳಗೆ ಬಿಟ್ಟು ಬರಿಗಾಲಲ್ಲಿ ನಿಲ್ಲುತ್ತಿದ್ದ.

“ಒಂದ್ ಓವರ್ ಕೊಡಸ್ರಿ,” ಎಂದು ನನ್ನ ಹತ್ತಿರ ಬಂದು ಕೇಳಿದ. “ಹೋಗಣ್ಣಾ, ಹಾಕಿ ಬಾ ಅಂತ ತಮ್ಮನೇ ಕಳಸ್ಯಾನ್ರಿ. ಅವನ ಎದುರಿಗೆ ಕುಂತು ಉಣ್ಣಾಕ ಆಗವಲ್ದು ನನಗ. ಒಂದ್ ಓವರ್ ಹಾಕಿದ್ರ ಆಗ್ತೈತೇನೋ.”

ಫೈನಲ್‌ನಲ್ಲಿ ನಮ್ಮ ಮುಖ್ಯ ಬೌಲರ್ ಭುಜ ಹಿಡಿದು ಕೂತ. ಕ್ಯಾಪ್ಟನ್ ಚೆಂಡನ್ನು ಇವನ ಕಡೆ ಎಸೆದ.

ನಾನು ಕೀಪರ್. ಅವನು ಚಪ್ಪಲಿಯಿಂದ ಓಡಿ ಬಂದ, ಹಳೆಯ ಓಟವೇ. ಗೆರೆಯ ಹತ್ತಿರ ನಿಂತುಬಿಟ್ಟ. ಮತ್ತೆ ಬಂದ, ಮತ್ತೆ ನಿಂತ. ಅವನ ಕಣ್ಣು ಬ್ಯಾಟ್ಸ್‌ಮನ್ ಮೇಲಿರಲಿಲ್ಲ. ಬ್ಯಾಟ್ಸ್‌ಮನ್‌ಗೂ ನನಗೂ ನಡುವಿನ ಖಾಲಿ ಜಾಗದ ಮೇಲಿತ್ತು.

“ಏನಣ್ಣಾ, ದಾರಿ ಮರ್ತಿಯೇನು?” ಎಂದು ಬ್ಯಾಟ್ಸ್‌ಮನ್ ಕೇಳಿದ. ಜನ ನಕ್ಕರು.

ನಾನು ಅವನ ಹತ್ತಿರ ಹೋದೆ.

“ಅಲ್ಲಿ ತಮ್ಮ ನಿಂತಾನ್ರಿ,” ಎಂದ, ತೀರ ಸಾದಾ ದನಿಯಲ್ಲಿ. “ಎರಡೂ ಕಣ್ಣ ಅದಾವ. ಹೆಂಗ ಹಾಕ್ಲಿ?”

ಚೆಂಡನ್ನು ನನ್ನ ಗ್ಲೌಸಿನಲ್ಲಿಟ್ಟು ಬರಿಗಾಲಲ್ಲೇ ಬಸ್ ಸ್ಟ್ಯಾಂಡಿನ ಕಡೆ ನಡೆದ. ಕರೆದರೂ ತಿರುಗಲಿಲ್ಲ. ಓವರನ್ನು ಕ್ಯಾಪ್ಟನ್ನೇ ಹಾಕಿದ, ಸೋತೆವು. ಆ ಚಪ್ಪಲಿ ಎತ್ತಲು ನಮ್ಮಲ್ಲಿ ಯಾರೂ ಹೋಗಲಿಲ್ಲ.

ಆಮೇಲೂ ಕೀಪಿಂಗ್ ಮಾಡಿದೆ. ಬ್ಯಾಟ್ ತಪ್ಪಿ ಚೆಂಡು ಆ ಖಾಲಿ ಜಾಗ ದಾಟಿ ಬರುವಾಗೆಲ್ಲ ನನ್ನ ಕಣ್ಣು ತಾನಾಗಿ ಮುಚ್ಚುತ್ತಿತ್ತು.

“ಮುದುಕ ಆದಿ ಬಿಡಲೇ,” ಎನ್ನುತ್ತಿದ್ದ ಕ್ಯಾಪ್ಟನ್.

ಹೂಂ ಎಂದು ಬೌಂಡರಿಗೆ ಹೋಗಿ ಚೆಂಡು ತರುತ್ತಿದ್ದೆ.