ಎಂಟು ಗೋಡೆಯ ಚರ್ಚು, ಅವ್ವನ ಚಪ್ಪಲಿ

ಎಂಟು ಗೋಡೆಗಳ ಕಟ್ಟಡವನ್ನು ಸುತ್ತುತ್ತ ಎಣಿಸುವಾಗ, ಎಲ್ಲಿಂದ ಆರಂಭಿಸಿದೆವೆಂಬುದನ್ನು ಮರೆತರೆ ಗೋಡೆಗಳು ಒಂಬತ್ತಾಗುತ್ತವೆ. ಬೇಕಾದರೆ ವಿಜಾಪುರದ ನಮ್ಮ ಮನೆಯ ಹತ್ತಿರವಿರುವ ಹಳೆಯ ಅಷ್ಟಕೋನದ ಚರ್ಚನ್ನು ನೀವೂ ಸುತ್ತಿ ನೋಡಿ. ಕಂಡದ್ದನ್ನೆಲ್ಲ ಎಣಿಸಿ, ತಾರೀಖು ಹಾಕಿ ದಿನಚರಿಯಲ್ಲಿ ಬರೆದಿಡುವ ದುರಭ್ಯಾಸ ನನ್ನದು. ಯುದ್ಧದಿಂದ ಕಾಗದ ತುಟ್ಟಿಯಾದ ಈ ಕಾಲದಲ್ಲಿ ‘ಒಂಬತ್ತು’ ಹೊಡೆದು ‘ಎಂಟು’ ಎಂದು ತಿದ್ದುವಾಗ ನಾಚಿಕೆಯಾಯಿತು.

ಆಮೇಲೆ ಆರಂಭಕ್ಕೊಂದು ಗುರುತು ಸಿಕ್ಕಿತು: ಅವ್ವನ ಚಪ್ಪಲಿ. ಆ ಚರ್ಚಿನೊಳಗೆ ಪಾದ್ರಿಗಳ ತಂಗಿ, ಎಲ್ಲರ ಬಾಯಲ್ಲಿ ‘ಅಕ್ಕೋರು’, ಸಂಜೆ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದರು. ಬಬಲೇಶ್ವರಕ್ಕೆ ಕೊಟ್ಟ ನನ್ನಕ್ಕ ಬರೆಯುವ ಪತ್ರಗಳನ್ನು ತಾನೇ ಓದಬೇಕೆಂದು ಅವ್ವನ ಹಟ.

“ನಿನ್ನ ಕೈಯಾಗ ಕೊಟ್ರ ಅರ್ಧಾ ಓದತಿ, ಅರ್ಧಾ ನುಂಗತಿ. ನನ್ನ ಮಗಳ ಸಂಕಟ ನನಗ ತಿಳೀಬ್ಯಾಡೇನಲೇ?”

ನುಂಗುತ್ತಿದ್ದುದು ನಿಜವಾದ್ದರಿಂದ ಅವಳನ್ನು ಅಲ್ಲಿಗೆ ಕರೆದೊಯ್ದೆ.

ಆದರೆ ಅವ್ವ ಕೂರಲಿಲ್ಲ. ನಾವು ಬಿಟ್ಟುಬಂದ ತಿಕೋಟಾದಲ್ಲಿ ನಮ್ಮ ಕೇರಿಯವರ ಜಾಗ ಎಲ್ಲ ಕಡೆಯೂ ಹಿಂದೆ; ಚಪ್ಪಲಿಯೂ ಉಳಿದವರದ್ದರಿಂದ ದೂರ. ಇಲ್ಲಿಯೂ ಅವಳು ಚಪ್ಪಲಿಯನ್ನು ಆಚೆಯ ಗೋಡೆಯ ಬುಡದಲ್ಲಿ ಬಿಟ್ಟು, ಹೊಸ್ತಿಲಲ್ಲಿ ನಿಂತು ‘ಹಿಂದಿನ’ ಜಾಗ ಹುಡುಕಿದಳು. ಅಕ್ಕೋರು ಕೂತದ್ದು ನಟ್ಟನಡುವೆ, ಹೆಂಗಸರು ಸುತ್ತಲೂ. ಎಂಟು ಗೋಡೆಗಳಲ್ಲಿ ಯಾವುದನ್ನು ಹಿಂದಿನದೆನ್ನುವುದು? ಹನ್ನೊಂದು ಸಂಜೆ ನಿಂತೇ ಇದ್ದಳೆಂದು ದಿನಚರಿ ಹೇಳುತ್ತದೆ. ಹೊರಗೆ ಕಾಯುತ್ತ ನಾನು ಅವಳ ಚಪ್ಪಲಿಯಿಂದ ಶುರುಮಾಡಿ ಗೋಡೆ ಎಣಿಸಿದೆ. ಪ್ರತಿಸಲವೂ ತಪ್ಪದೆ ಎಂಟು.

ಹನ್ನೆರಡನೆಯ ಸಂಜೆ ಅವ್ವ ಕೇಳಿಯೇಬಿಟ್ಟಳು: “ಇಲ್ಲಿ ಹಿಂದ ಅಂದ್ರ ಎಲ್ಲೈತ್ರಿ ಅಕ್ಕೋರ? ಅಲ್ಲೇ ಕುಂದರ್ತೇನಿ.”

“ನಾನೂ ಬಂದಾಗಿಂದ ಹುಡುಕಾಕತ್ತೇನಿ ಯವ್ವಾ, ಸಿಕ್ಕಿಲ್ಲ. ಸಿಗೂತನಕ ಇಲ್ಲೇ ಕುಂದರ ಬರ್ರಿ,” ಎಂದು ಅಕ್ಕೋರು ತಮ್ಮ ಪಕ್ಕದ ಚಾಪೆ ತಟ್ಟಿದರು.

ಭೂತನಾಳದ ಗೌರವ್ವ ಸರಿದು ಜಾಗ ಮಾಡಿದಳು. “ಬಾರಬೇ! ನಿಂತು ಕಲ್ತಿದ್ದೆಲ್ಲಾ ಮಣಕಾಲಿಗಿ ಇಳದೈತಿ ನಿಂದು!”

ನಗೆಯ ನಡುವೆ ಅವ್ವ ಕೂತಳು.

ಮರುದಿನ ಸಂಜೆ ಅವ್ವ ನನಗಿಂತ ಮೊದಲೇ ಹೋಗಿದ್ದಳು; ನಾನು ಎಂದಿನಂತೆ ಸುತ್ತು ಹೊರಟೆ. ಆಚೆಯ ಗೋಡೆಯ ಬುಡದಲ್ಲಿ ಚಪ್ಪಲಿ ಇರಲಿಲ್ಲ. ಗಾಬರಿಯಲ್ಲಿ ಹುಡುಕುತ್ತಲೇ ಎಣಿಸಿದೆ. ಕೊನೆಗೆ ಕಂಡವು: ಬಾಗಿಲ ಮುಂದೆ, ಹತ್ತಾರು ಹೆಂಗಸರ ಚಪ್ಪಲಿಗಳ ರಾಶಿಯೊಳಗೆ, ಒಂದು ಗೌರವ್ವನದರ ಮೇಲೆ, ಇನ್ನೊಂದು ಅಕ್ಕೋರದರ ಕೆಳಗೆ. ಒಳಗಿನಿಂದ ಅವ್ವ ಅಕ್ಕನ ಹೆಸರನ್ನು ಒಂದೊಂದೇ ಅಕ್ಷರವಾಗಿ ಕೂಡಿಸಿ ಓದುತ್ತಿರುವುದು ಕೇಳಿಸಿತು.

ಗೋಡೆಗಳ ಲೆಕ್ಕ ಒಂಬತ್ತಾಗಿತ್ತು. ದಿನಚರಿಯಲ್ಲಿ ಹಾಗೆಯೇ ಬರೆದೆ. ಈ ಸಲ ತಿದ್ದಲಿಲ್ಲ.