ಅಳಿಸಿದ ಪುಟ ನನ್ನ ಬಳಿಯೇ ಇತ್ತು

ಸಲೋಮಿ ಬಾಯಾರ ಮೊದಲ ಲೇಖನವನ್ನು ಅಳಿಸಿದವನು ನಾನು. ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅಳಿಸಿದವರು ಯಾರು ಎಂದು ಅವರು ನನ್ನನ್ನೇ ಕೇಳಿದಾಗ ಗೊತ್ತಿಲ್ಲ ಎಂದೆ. ಬರೆದದ್ದು ಎಲ್ಲಿ ಹೋಯಿತು ಎಂದು ಕೇಳಿದಾಗ, ಹೋಯಿತು, ಇನ್ನು ಸಿಗುವುದಿಲ್ಲ ಎಂದೆ. ಎರಡೂ ಸುಳ್ಳು. ಮೊದಲನೆಯದನ್ನು ಹೇಡಿತನ ಎಂದು ಕರೆಯಬಹುದೇನೋ. ಎರಡನೆಯದಕ್ಕೆ — ಇಷ್ಟು ವರ್ಷ ಹುಡುಕಿದರೂ ನನಗೆ ಸರಿಯಾದ ಹೆಸರು ಸಿಕ್ಕಿಲ್ಲ.

ಕನ್ನಡದ ಅಂತರಜಾಲ ವಿಶ್ವಕೋಶಕ್ಕೆ, ಅಂದರೆ ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಆ ವಿಶ್ವಕೋಶಕ್ಕೆ, ಬಿಡುವಿನಲ್ಲಿ ಬರೆಯುತ್ತ ಬಂದವನು ನಾನು. ಹೊಟ್ಟೆಪಾಡಿಗೆ ಹುಬ್ಬಳ್ಳಿಯ ವಿದ್ಯಾನಗರದ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಈ ವರ್ಷ ವಿಶ್ವಕೋಶದ ಗೆಳೆಯರು, ಮೊದಲ ಲೇಖನ ಬರೆಯುವವರಿಗೆ ಒಂದು ಮಾರ್ಗದರ್ಶಿ ಬರೆದುಕೊಡಿ, ನಿಮ್ಮಷ್ಟು ಜನರಿಗೆ ಕಲಿಸಿದವರು ಇಲ್ಲ ಎಂದರು. ಖುಷಿಯಿಂದಲೇ ಕುಳಿತೆ. ‘ಹೊಸಬರೇ, ಹಿಂಜರಿಯಬೇಡಿ’ ಎಂದು ಮೊದಲ ಸಾಲು ಬರೆದೆ. ಮುಂದಕ್ಕೆ ಕೈ ಏಳಲಿಲ್ಲ. ಹಿಂಜರಿಯದೆ ಬಂದ ಒಬ್ಬರಿಗೆ ನಾನು ಏನು ಮಾಡಿದ್ದೆ ಎಂಬುದು ಆ ಸಾಲಿನ ಕೆಳಗೇ ಕುಳಿತಿತ್ತು.

ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ನಾನು ಪಾಠ ನಡೆಸುತ್ತಿದ್ದೆ. ಯಾರು ಬೇಕಾದರೂ ಬರಬಹುದಿತ್ತು. ಬರುತ್ತಿದ್ದವರು ಹೆಚ್ಚಾಗಿ ವಿದ್ಯಾರ್ಥಿಗಳು. ಹೀಗಿರುವಾಗ ಒಂದು ಶನಿವಾರ, ಧಾರವಾಡದಿಂದ ಬಸ್ಸು ಹಿಡಿದು, ಕೊಡೆಯನ್ನು ಬಾಗಿಲ ಮೂಲೆಗೆ ಆನಿಸಿ ಒಳಬಂದವರು ಸಲೋಮಿ ಬಾಯಾರು. ಮಿಶನ್ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ನಮ್ಮ ಕಡೆ ಅಂಥ ಶಾಲೆಗಳ ಶಿಕ್ಷಕಿಯರನ್ನು ಬಾಯಾರು ಎನ್ನುತ್ತೇವೆ. ನಿವೃತ್ತಿಯಾದ ಮೇಲೂ ಆ ಹೆಸರು ಅವರನ್ನು ಬಿಡುವುದಿಲ್ಲ.

“ನನಗ ಟೈಪಿಂಗ್ ಬರೂದಿಲ್ರಿ ಸರ. ಒಂದ ಬಟ್ಟಿನಾಗ ಹೊಡೀತೇನಿ, ನಡೀತೈತೇನ್ರಿ?” ಎಂದು ಕೇಳಿದರು.

“ನಡೀತೈತ್ರಿ. ನಾನೂ ಎರಡ ಬಟ್ಟಿನಾಂವ,” ಎಂದೆ.

ಅವರು ನಕ್ಕ ರೀತಿ ನನಗೆ ಮೊದಲ ದಿನವೇ ಇಷ್ಟವಾಯಿತು.

ಎಲ್ಲ ಹೊಸಬರಿಗೂ ಹೇಳುವುದನ್ನೇ ಅವರಿಗೂ ಹೇಳಿದೆ. ಹೊಗಳಬೇಡಿ, ಬೈಯಲೂ ಬೇಡಿ. ನಡೆದದ್ದನ್ನು ನಡೆದಂತೆ ಬರೆಯಿರಿ. ಬೇರೆಯವರ ವಾಕ್ಯವನ್ನು ನಕಲು ಮಾಡಬೇಡಿ. ಪ್ರತಿ ಮಾತಿಗೂ ಪುಸ್ತಕದ್ದೋ ಪತ್ರಿಕೆಯದ್ದೋ ಆಧಾರ ಕೊಡಿ. ಬಾಯಾರು ಎಲ್ಲಕ್ಕೂ ತಲೆ ಆಡಿಸಿ, ಕೊನೆಗೆ ಯಾವುದರ ಬಗ್ಗೆ ಬರೆಯಲಿ ಎಂದರು. ನಿಮಗೆ ಚೆನ್ನಾಗಿ ಗೊತ್ತಿರುವುದರ ಬಗ್ಗೆ ಬರೆಯಿರಿ ಎಂದೆ. ನೇರ ಅಲ್ಲಿಯೇ ಬರೆದುಬಿಡಿ, ಅಲ್ಲಿ ಬರೆದದ್ದು ಕಳೆಯುವುದಿಲ್ಲ ಎಂದೂ ಹೇಳಿದೆ. ಈ ಎರಡು ಮಾತನ್ನೂ ನಂಬಿಯೇ ಅವರು ಬರೆದರು.

ಅವರು ಬರೆದದ್ದು ತಮ್ಮ ಚಿಗವ್ವನ ಬಗ್ಗೆ, ಅಂದರೆ ತಾಯಿಯ ತಂಗಿ ಸುಗುಣಾ ಬಾಯಿಯ ಬಗ್ಗೆ. ಹಿಂದಿನ ಕಾಲದಲ್ಲಿ ಹುಡುಗಿಯರ ಒಂದು ವಸತಿಗೃಹವನ್ನು ನೋಡಿಕೊಳ್ಳುತ್ತಿದ್ದ ಹೆಂಗಸು. ಒಂದು ಬೇಸಿಗೆ, ಧಾರವಾಡದ ಕೆಲಗೇರಿ ಕೆರೆಗೆ ಬಟ್ಟೆ ಒಗೆಯಲು ಹೋದ ಹುಡುಗಿಯೊಬ್ಬಳು ಕಾಲು ಜಾರಿ ಮುಳುಗಿ ಸತ್ತಳು. ದಂಡೆಯ ಮೇಲಿದ್ದ ಯಾರಿಗೂ ಈಜು ಬರುತ್ತಿರಲಿಲ್ಲ. ಸುಗುಣಾ ಬಾಯಿಗೆ ನೀರೆಂದರೆ ಚಿಕ್ಕಂದಿನಿಂದ ಹೆದರಿಕೆ. ಆ ಹೆದರಿಕೆಯನ್ನು ಇಟ್ಟುಕೊಂಡೇ ಅವರು ಸೊಂಟಕ್ಕೆ ಖಾಲಿ ಎಣ್ಣೆಡಬ್ಬಿ ಕಟ್ಟಿಕೊಂಡು ಕೆರೆಗೆ ಇಳಿದರು. ತಾವು ಕಲಿತು, ಆಮೇಲೆ ವಸತಿಗೃಹದ ಹುಡುಗಿಯರನ್ನು ಬೇಸಿಗೆಯ ಬೆಳಗುಗಳಲ್ಲಿ ಕರೆದೊಯ್ದು ಕಲಿಸಿದರು. ಒದ್ದೆ ಸೀರೆಯಲ್ಲಿ ಹುಡುಗಿಯರು ರಸ್ತೆಯ ಮೇಲೆ ನಡೆದು ಬರುವುದು ಶೋಭೆಯಲ್ಲ ಎಂದು ಚರ್ಚಿನ ಹಿರಿಯರು ಆಕ್ಷೇಪಿಸಿದಾಗ ಅವರು ಅಂದರಂತೆ — “ಒದ್ದಿ ಸೀರಿ ಬಿಸಲಿಗೆ ಒಣಗ್ತಾವ್ರಿ ಹಿರಿಯಾರ. ಸತ್ತ ಹುಡುಗಿ ಎದ್ದು ಬರಾಂಗಿಲ್ಲ.”

ಇದನ್ನೆಲ್ಲ ಬಾಯಾರಿಗೆ ಹೇಳಿದವರು ಅವರ ತಾಯಿ. ಆಕೆಗೆ ಆಗ ತೊಂಬತ್ತರ ಹತ್ತಿರ. ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ತಾಯಿ ಮಂಚದಿಂದ ಹೇಳುತ್ತ ಹೋದಂತೆ ಮಗಳು ಒಂದೇ ಬೆರಳಿನಲ್ಲಿ ಒತ್ತುತ್ತ ಹೋಗಿ ಆ ಪುಟ ಆಗಿತ್ತು. ಕಾಗುಣಿತದ ತಪ್ಪಿತ್ತು, ಒಂದೂ ಆಧಾರವಿರಲಿಲ್ಲ, ವಿಶ್ವಕೋಶದ ಧಾಟಿಯಂತೂ ಅಲ್ಲವೇ ಅಲ್ಲ. ಆದರೆ ನಾನು ಅದನ್ನು ಓದಿ, ಮತ್ತೆ ಮೇಲಿನಿಂದ ಓದಿದೆ. ನನ್ನ ಪಾಠಕ್ಕೆ ಬಂದವರಲ್ಲಿ ಯಾರೂ ಅಷ್ಟು ಚೆನ್ನಾಗಿ ಬರೆದಿರಲಿಲ್ಲ.

ಹಾಗಿದ್ದರೆ ಅಳಿಸಿದ್ದೇಕೆ — ಹೇಳುತ್ತೇನೆ. ನಾನು ಅಲ್ಲಿ ನಿರ್ವಾಹಕನೂ ಆಗಿದ್ದೆ. ಪುಟಗಳನ್ನು ಅಳಿಸುವ ಅಧಿಕಾರ ಇದ್ದವನು. ಆ ಕೆಲಸವನ್ನು ನಾನು ‘ತಕ್ಕಡಿ’ ಎಂಬ ಬೇರೊಂದು ಹೆಸರಿನಲ್ಲಿ ಮಾಡುತ್ತಿದ್ದೆ. ನಮ್ಮದು ಅರಳೆ ವ್ಯಾಪಾರದ ಮನೆತನ, ಆ ಹೆಸರು ಹಾಗೆ ಬಂತು. ತಕ್ಕಡಿ ಅಂದರೆ ನಾನೇ ಎಂದು ಹುಬ್ಬಳ್ಳಿ-ಧಾರವಾಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ದಿನಗಳಲ್ಲೇ ಯಾರೋ, ಈ ಶನಿವಾರದ ಪಾಠದಿಂದ ಬರುವ ಲೇಖನಗಳು ಜಾಳು, ಕಲಿಸುವವರು ತಮ್ಮವರದೆಂದು ಸುಮ್ಮನಿದ್ದಾರೆ ಎಂದು ವಿಶ್ವಕೋಶದ ಚರ್ಚಾಪುಟದಲ್ಲಿ ಬರೆದಿದ್ದರು. ಅದು ನನಗೆ ಚುಚ್ಚಿತ್ತು. ನಾನು ಎಷ್ಟು ನಿಷ್ಠುರ ಎಂದು ತೋರಿಸಬೇಕಿತ್ತು — ಯಾರಿಗೆ? ಮುಖ ನೋಡದ ನಾಲ್ಕು ಜನರಿಗೆ. ಅಳಿಸುವ ಮೊದಲು ಬರೆದವರಿಗೆ ತಿಳಿಸಿ, ಸುಧಾರಿಸಲು ಸಮಯ ಕೊಡುವ ಪದ್ಧತಿ ಇದೆ. ನಾನು ಕೊಡಲಿಲ್ಲ. “ಆಧಾರವಿಲ್ಲ. ಇದು ವಿಶ್ವಕೋಶ, ಮನೆಯವರ ನೆನಪಿನ ಪೆಟ್ಟಿಗೆಯಲ್ಲ” ಎಂದು ಬರೆದು ಪುಟವನ್ನು ಅಳಿಸಿದೆ. ಆ ವಾಕ್ಯ ಬರೆದಾಗ — ಇದನ್ನೂ ಹೇಳಿಬಿಡಬೇಕು — ನನಗೆ ಅದು ಬಹಳ ಚೆನ್ನಾಗಿ ಬಂದಿದೆ ಅನ್ನಿಸಿತ್ತು.

ಮರು ಶನಿವಾರ ಬಾಯಾರು ಎಲ್ಲರಿಗಿಂತ ಮೊದಲು ಬಂದು ಕುಳಿತಿದ್ದರು.

“ಸರ, ಈ ತಕ್ಕಡಿ ಅನ್ನಾವ್ರು ಯಾರ್ರಿ?”

“ಗೊತ್ತಿಲ್ರಿ ಬಾಯಾರ. ಅಲ್ಲಿ ಎಲ್ಲಾರೂ ಹಿಂಗ, ಬ್ಯಾರೆ ಹೆಸರಿನ್ಯಾಗ ಇರ್ತಾರ್ರಿ.”

“ಇರ್ಲಿ ಬಿಡ್ರಿ. ಆಧಾರ ಇಲ್ಲ ಅಂದಿದ್ದು ಖರೇ ಐತಿ. ಒಮ್ಮೆ ಕೇಳಬೇಕಿತ್ತು, ಅಷ್ಟ.” ಆಮೇಲೆ ಕೇಳಿದರು. “ಅಲ್ರಿ, ಆ ಬರದದ್ದು ಎಲ್ಲಿ ಹೋಗಿರ್ತೈತ್ರಿ? ನನ್ನ ಕಡೆ ಪ್ರತಿ ಇಲ್ರಿ. ಅವ್ವಗ ಪೂರಾ ಓದಿ ತೋರಸಬೇಕಂತ ಮಾಡಿದ್ನಿ.”

ಅಳಿಸಿದ ಪುಟ ಎಲ್ಲಿಯೂ ಹೋಗುವುದಿಲ್ಲ. ಓದುಗರಿಗೆ ಕಾಣುವುದಿಲ್ಲ, ನಿರ್ವಾಹಕರಿಗೆ ಕಾಣುತ್ತದೆ. ಅದನ್ನು ತೆಗೆದು ಅವರ ಕೈಗೆ ಕೊಡುವುದು ಒಂದು ಲೋಟ ನೀರು ಕೊಟ್ಟಷ್ಟು ಸುಲಭವಿತ್ತು. ಆದರೆ ಕೊಟ್ಟರೆ, ಇದು ನಿಮಗೆ ಹೇಗೆ ಸಿಕ್ಕಿತು ಎಂದು ಕೇಳುತ್ತಾರಲ್ಲ —

“ಅಳಿಸಿದ್ರ ಹೋತ್ರಿ ಬಾಯಾರ. ಇನ್ನ ಸಿಗೂದಿಲ್ಲ.”

ಅವರು ಮತ್ತೆ ಕೇಳಲಿಲ್ಲ. ನನ್ನ ಮಾತು ಅನುಮಾನಿಸುವ ವಿಚಾರವೇ ಅವರಿಗೆ ಬರಲಿಲ್ಲ.

ಮನಸ್ಸು ಕಹಿ ಮಾಡಿಕೊಂಡು ಅವರು ಪಾಠ ಬಿಟ್ಟುಹೋಗಿದ್ದರೆ ನನಗೆ ಇದು ಇಷ್ಟು ದೊಡ್ಡದಾಗಿ ಬೆಳೆಯುತ್ತಿರಲಿಲ್ಲವೇನೋ. ಬಿಡಲಿಲ್ಲ. ಆಧಾರ ಹುಡುಕುವುದನ್ನು ಕಲಿತರು, ಗ್ರಂಥಾಲಯದಲ್ಲಿ ದಿನಗಟ್ಟಲೆ ಕುಳಿತರು. ಹೆಬ್ಬಳ್ಳಿ ಎಂಬ ಹತ್ತಿರದ ಊರಿನ ಬಗ್ಗೆ ಬರೆದರು, ಕೆರೆಗಳ ಬಗ್ಗೆ ಬರೆದರು, ಕರ್ಚಿಕಾಯಿಯ ಬಗ್ಗೆ ಬರೆದು, ಅದಕ್ಕೂ ಆಧಾರ ಬೇಕು ಎಂದು ನಾನು ತಮಾಷೆ ಮಾಡಿದಾಗ ಮಾರನೆಯ ಶನಿವಾರ ಒಂದು ಡಬ್ಬಿ ಕರ್ಚಿಕಾಯಿಯನ್ನೇ ತಂದು ಮೇಜಿನ ಮೇಲಿಟ್ಟರು. ಯಾವಾಗ ನಾನು ಅವರಿಗೆ ‘ಸರ’ ಹೋಗಿ ‘ತಮ್ಮ’ ಆದೆನೋ ತಿಳಿಯಲಿಲ್ಲ. ನನ್ನ ಸ್ಕೂಟರಿನ ಹಿಂದೆ ಕುಳಿತು ಕೆಲಗೇರಿ ಕೆರೆಯ ಚಿತ್ರ ತೆಗೆಯಲು ಬಂದರು. ನನ್ನ ಹೆಂಡತಿಗೆ ಜ್ವರ ಬಂದಾಗ ಗಂಜಿ ಮಾಡಿಕೊಂಡು ಬಸ್ಸಿನಲ್ಲಿ ಬಂದರು.

ಹೊಸಬರಿಗೆ ಅವರು ಕಲಿಸುವ ರೀತಿಯೇ ಬೇರೆ. ಯಾರ ಪುಟದಲ್ಲಾದರೂ ತಪ್ಪು ಕಂಡರೆ ಮೊದಲು ಆ ಬರೆದವರಿಗೆ, ‘ನಿಮ್ಮ ಪುಟ ಓದಿದೆ, ಇಂಥ ಸಾಲು ಚೆನ್ನಾಗಿದೆ, ಇದು ನಿಮಗೆ ಎಲ್ಲಿಂದ ತಿಳಿಯಿತು?’ ಎಂದು ಕೇಳಿ ಬರೆಯುವರು. ಉತ್ತರ ಬರುವವರೆಗೆ ಕಾಯುವರು. ಮತ್ತು ನಗುತ್ತ ಎಚ್ಚರಿಸುವರು, “ಆಧಾರ ಹಾಕ್ರಿಪಾ, ಇಲ್ಲಾಂದ್ರ ತಕ್ಕಡಿ ಬರ್ತಾನ ನೋಡ್ರಿ.” ಕೋಣೆಯೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ. ನನ್ನ ತಪ್ಪುಗಳಲ್ಲಿ ಆ ನಗುವನ್ನೂ ಸೇರಿಸಬೇಕು.

ಆ ಪುಟ ಅಳಿಸಿದ ಮರುವರ್ಷದ ಕ್ರಿಸ್‌ಮಸ್‌ವರೆಗೆ ಅವರ ತಾಯಿ ಬದುಕಿದ್ದರು. ಅಲ್ಲಿಯವರೆಗೆ ನನಗೆ ಎಷ್ಟು ಶನಿವಾರಗಳು ಸಿಕ್ಕಿದ್ದವು! ಮಣ್ಣು ಕೊಡಲು ನಾನೂ ಹೋಗಿದ್ದೆ. ಆಮೇಲೆ ಒಂದು ದಿನ ಕೆರೆಯ ದಂಡೆಯ ಮೇಲೆ ಕುಳಿತಾಗ ಬಾಯಾರು ಅಂದರು, “ಚಿಗವ್ವಂದು ಮತ್ತ ಬರೀಬೇಕಂತ ಕುಂದರ್ತೇನಿ ತಮ್ಮ. ವಿಷಯ ಎಲ್ಲಾ ನೆನಪೈತಿ. ಅವ್ವ ಹೇಳಿದ ಮಾತು ಇದ್ದಂಗ ಬರವಲ್ತು. ಈಗ ಕೇಳೂಣಂದ್ರ ಆಕಿ ಇಲ್ಲ.” ನಾನು ನೀರು ನೋಡುತ್ತ ಕುಳಿತೆ. ಅಂದು ಮನೆಗೆ ಬಂದು ಆ ಪುಟವನ್ನು ತೆರೆದು ಓದಿದೆ. ಆಮೇಲೂ ಎಷ್ಟೋ ಸಲ ಓದಿದ್ದೇನೆ. ಒಂದು ತಾಯಿಯ ಮಾತು, ಮಗಳಿಗೆ ಸಿಗದ್ದು, ನನಗೆ ಬೇಕಾದಾಗ ಸಿಗುತ್ತಿತ್ತು.

ಮಾರ್ಗದರ್ಶಿಯ ಮೊದಲ ಸಾಲಿಗೇ ನಿಂತುಹೋದ ಮೇಲೆ, ಈ ಬೇಸಿಗೆಯ ಒಂದು ಮಧ್ಯಾಹ್ನ, ಪುಟವನ್ನು ಅಚ್ಚು ತೆಗೆದುಕೊಂಡು ಧಾರವಾಡಕ್ಕೆ ಹೋದೆ. ಬಾಯಾರು ಪಡಸಾಲೆಯಲ್ಲಿ ಮೆಂತ್ಯಪಲ್ಲೆ ಸೋಸುತ್ತ ಕುಳಿತಿದ್ದರು.

“ಬಾಯಾರ, ತಕ್ಕಡಿ ಅಂದ್ರ ನಾನ ರೀ.”

ಅವರು ನಕ್ಕರು. “ಬಿಸಲಾಗ ಬಂದು ಏನ್ ಚಾಷ್ಟಿ ಹಚ್ಚೀಯೋ ತಮ್ಮ.”

“ಖರೇನ ಹೇಳಾಕತ್ತೇನ್ರಿ. ಅಳಿಸಿದಾಂವ ನಾನ. ಪುಟ ಹೋಗಿರಲಿಲ್ರಿ. ನನಗ ಅವತ್ತಿಂದಾನೂ ಕಾಣ್ತಿತ್ತು.”

ಹಾಳೆಗಳನ್ನು ಮುಂದಿಟ್ಟೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡರು. ಓದಿದರು. ನಿಧಾನವಾಗಿ, ತುಟಿ ಅಲ್ಲಾಡಿಸುತ್ತ, ಯಾರಿಗೋ ಕೇಳಿಸಲೆಂಬಂತೆ. ಒದ್ದೆ ಸೀರೆಯ ಮಾತು ಬಂದಾಗ ನಿಂತು, ಮತ್ತೆ ಅದನ್ನೇ ಓದಿದರು. ಮುಗಿಸಿ ಹಾಳೆಗಳನ್ನು ಜೋಡಿಸಿ ತೊಡೆಯ ಮೇಲಿಟ್ಟುಕೊಂಡರು.

“ಅವ್ವ ಇದ್ದಾಗೂ ನಿಮಗ ಕಾಣ್ತಿತ್ತೇನ್ರಿ?”

‘ನೀನು’ ಹೋಗಿತ್ತು.

“ಕಾಣ್ತಿತ್ರಿ.”

“ಅಳಿಸಿದ್ದಕ್ಕ ನಾ ಏನೂ ಅನ್ನೂದಿಲ್ಲ. ಅವತ್ತೂ ಅಂದಿಲ್ಲ. ಆದ್ರ ಅವ್ವ ದಿನಾ ಕೇಳ್ತಿದ್ಲ್ರಿ — ನಮ್ಮ ಸುಗುಣಾಂದು ಬರದೀದಿ ಅಲ್ಲ, ಓದಬಾರದೇನ ಅಂತ. ನಾ ಬಾಯಿಲೆ ಹೇಳಿದ್ರ, ಇದಲ್ಲ, ಬರದದ್ದು ಓದು ಅಂತಿದ್ಲು. ಮುಂದ ಮುಂದ ಕೇಳೂದ ಬಿಟ್ಲು.”

ನನಗೆ ಕ್ಷಮಿಸಿ ಎನ್ನಲೂ ಆಗಲಿಲ್ಲ. ಆ ಮಾತು ಕೇಳಿದ ಮೇಲೆ ಕ್ಷಮೆ ಬೇಡುವುದೂ ನನಗಾಗಿ ಏನನ್ನೋ ಕೇಳಿದಂತೆ ಇತ್ತು.

“ಇವತ್ತ ಚಹಾ ಮಾಡೂದಿಲ್ರಿ ಸರ,” ಎಂದರು ಅವರು, ಸಿಟ್ಟಿಲ್ಲದ ದನಿಯಲ್ಲಿ. “ಹೋಗಿ ಬರ್ರಿ.”

ಅಂದೇ ತಕ್ಕಡಿಯ ಪರಿಚಯದ ಪುಟದಲ್ಲಿ ನನ್ನ ಹೆಸರು ಬರೆದೆ. ಅಳಿಸಿದ ಪುಟದ ಕಾರಣ ಹೇಳಿ ನಿರ್ವಾಹಕನ ಅಧಿಕಾರ ಬಿಟ್ಟುಕೊಟ್ಟೆ. ನಿಯಮದ ಪ್ರಕಾರ ಸುಗುಣಾ ಬಾಯಿಯ ಪುಟ ಉಳಿಯುವಂತಿರಲಿಲ್ಲ, ನೀವೇಕೆ ಇಷ್ಟು ಹಚ್ಚಿಕೊಳ್ಳುತ್ತೀರಿ ಎಂದು ಕೆಲವರು ಬರೆದರು. ನಿಯಮದ ಬಗ್ಗೆ ನನಗೂ ತಕರಾರಿಲ್ಲ, ಬಾಯಾರಿಗೂ ಇಲ್ಲ. ಪುಟವನ್ನು ಮತ್ತೆ ಹಾಕಲು ಗೆಳೆಯರನ್ನು ಕೇಳಲೇ ಎಂದು ಬಾಯಾರಿಗೆ ಫೋನು ಮಾಡಿದಾಗ, “ಬ್ಯಾಡ್ರಿ, ಆಧಾರ ಸಿಕ್ಕ ಮ್ಯಾಲೆ ನಾನ ಹಾಕ್ತೇನಿ,” ಎಂದರು. ಹಳೆಯ ವಸತಿಗೃಹದ ಹುಡುಗಿಯರು, ಈಗ ಅಜ್ಜಿಯರು, ಎಲ್ಲೆಲ್ಲಿದ್ದಾರೆ ಎಂದು ಹುಡುಕಲು ತೊಡಗಿದ್ದಾರಂತೆ. ನನ್ನನ್ನು ಜೊತೆಗೆ ಕರೆದಿಲ್ಲ.

ಪಾಠಕ್ಕೆ ಮಾತ್ರ ಬರುತ್ತಾರೆ. ಹೊಸಬರ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತು ಮೊದಲಿನಂತೆಯೇ ಕೇಳುತ್ತಾರೆ, ಕಾಯುತ್ತಾರೆ. ನಾನು ಅವರಿಗೆ ಸರ ಆಗಿಯೇ ಉಳಿದಿದ್ದೇನೆ. ತಕ್ಕಡಿಯ ಹೆಸರನ್ನು ಅವರು ಎತ್ತುವುದಿಲ್ಲ. ನಡೆದದ್ದನ್ನು ಕೋಣೆಯಲ್ಲಿ ಯಾರಿಗೂ ಹೇಳಿಲ್ಲ. ಅದನ್ನು ಹೇಳಬೇಕಾದವನು ನಾನು, ಈಗ ಹೇಳುತ್ತಿದ್ದೇನೆ.

ಮಾರ್ಗದರ್ಶಿ ಬರೆಯುತ್ತೇನೆ. ಆಧಾರ ಕೊಡಿ, ನಿಮ್ಮವರ ಬಗ್ಗೆ ಬರೆಯುವ ಮೊದಲು ಅನುಭವಿಗಳನ್ನು ಕೇಳಿ, ಬರೆದದ್ದರ ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ ಎಂದು ಅದರಲ್ಲಿ ಇರುತ್ತದೆ. ಪುಟವನ್ನು ಅಳಿಸಿದರೆ ಯಾರು, ಏಕೆ ಎಂದು ಕೇಳಿ, ಬರೆದದ್ದನ್ನು ವಾಪಸು ಕೇಳಿ, ಅದು ಇದ್ದೇ ಇರುತ್ತದೆ ಎಂದೂ ಬರೆಯುತ್ತೇನೆ. ಸಲೋಮಿ ಬಾಯಾರು ಅದನ್ನೇ ಕೇಳಿದ್ದರು. ಆ ಶನಿವಾರ ಅವರ ತಾಯಿ ಧಾರವಾಡದ ಮನೆಯಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲೆ, ಮಗಳು ಬಂದು ಓದಲಿ ಎಂದು ಎಚ್ಚರವಾಗಿಯೇ ಇದ್ದರು.